ಹಳೆ ಕಾರು: ಕಾರ್ಬುರೇಟರಿನದೋ, ಇಂಜೆಕ್ಷನ್ನಿನದೋ?

ಕಾರ್ಬುರೇಟರ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಯಾಂತ್ರಿಕ ಭಾಗ. ಅದಿರುವ ಗಾಡಿ ಪದೇ ಪದೇ ಕೈಕೊಡುತ್ತದೆ. ಆದರೆ ಏನು ಕೆಟ್ಟಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಕಟ್ಟಿಕೊಂಡರೆ ಬಿಚ್ಚಿ ಊದಬಹುದು, ಕಿಡಿ ಹೊತ್ತಿಸುವ ವ್ಯವಸ್ಥೆಯ ಪಾಯಿಂಟ್ ಸವೆದರೆ ಗ್ಯಾಪ್ ಸರಿಮಾಡಬಹುದು, ಅಂಗಡಿಯಲ್ಲಿ ಸಿಗದ ಬುಶ್ಶನ್ನು (ಲೋಹದ ಬಳೆ) ಲೇತಿನಲ್ಲಿ ಮಾಡಿಸಿಕೊಳ್ಳಬಹುದು. ಇದರ ನಿಜವಾದ ಶತ್ರು ತುಕ್ಕು. ಎರಡನೆಯದು ಎಥೆನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಪೈಪುಗಳು ಅದಕ್ಕೆ ತಡೆಯುವುದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ. ಗಾಡಿ ಕೊಂಡ ದಿನವೇ ಆ ಪೈಪುಗಳನ್ನು ಬದಲಿಸಿ, ಈ ಕೆಲಸವನ್ನು ಮುಂದೂಡಬೇಡಿ.

ತೊಂಬತ್ತರ ದಶಕದ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಎಷ್ಟು ಸಿಂಪಡಿಸಬೇಕೆಂದು ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಅದು ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಮೈಲೇಜೂ ಚೆನ್ನ. ಕೆಲವುದರ ಬಾಡಿಯ ಮೇಲೆ ಸತುವಿನ ಲೇಪವೂ ಇರುವುದರಿಂದ ತುಕ್ಕಿನ ಕಾಟ ಕಡಿಮೆ. ತೊಂದರೆ ಬರುವುದು ನಿಧಾನವಾಗಿ, ಗುಟ್ಟಾಗಿ. ಇಸಿಯು, ಅಂದರೆ ಆ ಕಂಪ್ಯೂಟರ್, ಅದರ ಒಳಗಿನ ಕೆಪ್ಯಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಸೋರಿ ಬೋರ್ಡಿನ ತಾಮ್ರವನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ ಕನೆಕ್ಟರ್ ಮುಟ್ಟಿದರೆ ಪುಡಿ. ಎಂಜಿನ್ ಬಿಸಿಯಾದಾಗ ಮಾತ್ರ ನಿಂತುಹೋಗುವ ಗಾಡಿ ಗ್ಯಾರೇಜಿಗೆ ಹೋದೊಡನೆ ಸಂಭಾವಿತನಾಗಿಬಿಡುತ್ತದೆ! ದೋಷ ಓದುವ ಸ್ಕ್ಯಾನರ್ ಇದೆಯಲ್ಲ ಅನ್ನಬೇಡಿ: ಅದನ್ನು ಚುಚ್ಚುವ, ಎಲ್ಲ ಕಂಪನಿಗೂ ಒಂದೇ ಬಗೆಯ ವ್ಯವಸ್ಥೆಯಾದ ಓಬಿಡಿ-2 ಅಮೆರಿಕದಲ್ಲಿ ಕಡ್ಡಾಯವಾದದ್ದೇ 1996ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಒಂದೊಂದು ಕಂಪನಿಗೂ ಒಂದೊಂದು ಸಾಕೆಟ್.

ಟೈಮಿಂಗ್ ಬೆಲ್ಟ್, ಬ್ರೇಕ್ ಹೋಸ್, ಟೈರು ಎರಡರಲ್ಲೂ ಒಂದೇ ಕಥೆ. ಓಡದಿದ್ದರೂ ವಯಸ್ಸಾಗುತ್ತದೆ.

ದಿನಾ ಓಡಿಸುವವರಿಗೆ ನನ್ನ ಮತ ಇಂಜೆಕ್ಷನ್ನಿಗೇ, ಅದೂ ಲಕ್ಷಗಟ್ಟಲೆ ಮಾರಾಟವಾದ ಮಾಡೆಲ್ಲಿಗೆ. ಗುಜರಿಯಲ್ಲಾದರೂ ಇನ್ನೊಂದು ಇಸಿಯು ಸಿಗುತ್ತದೆ. ಅಪರೂಪದ ಮಾಡೆಲ್ ಬೇಕೇ ಬೇಕೆಂದರೆ ಕಾರ್ಬುರೇಟರಿನದನ್ನು ನೋಡಿ, ಒಂದು ಸೆಟ್ ಸ್ಪ್ಯಾನರನ್ನೂ ಕೊಳ್ಳಿ.