ಸಂಘದ ಸಾಲ: ನಾಲ್ಕು ವರ್ಷ ಕಂತು ಕಟ್ಟಿದವಳ ಅನುಭವ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಾಗ ಮೊದಲ ಸಲ ಮೈಕ್ರೋಫೈನಾನ್ಸ್ ಸಾಲ, ಅಂದರೆ ಹೆಂಗಸರ ಗುಂಪಿಗೆ ಕೊಡುವ ಸಣ್ಣ ಸಾಲ ತಗೊಂಡೆ. ಈಗ ಎರಡನೆಯದು ಮುಗಿಯುತ್ತಾ ಬಂದಿದೆ. ತಗೊಳ್ಳೋದಾ ಬೇಡ್ವಾ ಅಂತ ಯೋಚಿಸುತ್ತಿರುವ ಹೆಣ್ಣುಮಕ್ಕಳಿಗೆ ನಾನು ಹೇಳೋದು ಇಷ್ಟೇ: ತಗೊಳ್ಳಿ, ಆದರೆ ದುಡಿಯೋ ವಸ್ತುವಿಗೆ ಮಾತ್ರ. ಆ ವಸ್ತು ನಿಮ್ಮ ಕೈಯಲ್ಲೇ ಇರಬೇಕು.

ಮೊದಲ ಸಾಲ 50,000 ರೂಪಾಯಿ. ಅಡಮಾನ ಇಲ್ಲ, ಐದು ಜನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಉಳಿದ ಅಸಲಿನ ಮೇಲೆ ವರ್ಷಕ್ಕೆ ಶೇ 24 ಬಡ್ಡಿ, 24 ತಿಂಗಳು. ಕಂತು ಸುಮಾರು 2,644 ಬರುತ್ತದೆ, ಒಟ್ಟು ಬಡ್ಡಿ 13,450ರ ಹತ್ತಿರ. ಬ್ಯಾಂಕ್ ಸಾಲಕ್ಕೆ ಹೋಲಿಸಿದರೆ ಜಾಸ್ತಿಯೇ. ಆದರೆ ನಮ್ಮ ಬೀದಿಯಲ್ಲಿ ಸಿಗೋದು ತಿಂಗಳಿಗೆ ನೂರಕ್ಕೆ ಹತ್ತರ ಸಾಲ. ಅದರಲ್ಲಿ 50,000ಕ್ಕೆ ಪ್ರತಿ ತಿಂಗಳು ಬಡ್ಡಿಯೇ 5,000, ಅಸಲು ಹಾಗೇ ಕೂತಿರುತ್ತದೆ. ಒಂದು ವಿಷಯ, ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಮೊದಲೇ ಕಡಿತ ಆಗುತ್ತದೆ. ಪೂರ್ತಿ ಹಣ ಅಕೌಂಟಿಗೆ ಬರಲ್ಲ.

ಆ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಜಿಗ್‌ಜಾಗ್ ಮಷೀನು, ಮೋಟರು ತಗೊಂಡೆ. ಮೊದಲು ಶಿಫ್ಟ್ ಮುಗಿಸಿ ಬಂದು ರಾತ್ರಿ ಸೀರೆಗೆ ಫಾಲ್ಸ್ ಹಾಕುತ್ತಿದ್ದೆ. ಆಮೇಲೆ ಬ್ಲೌಸ್, ಕುಚ್ಚು. ಶ್ರಾವಣ ಬಂತೆಂದರೆ ಮನೆಯ ಮಂಚದ ಮೇಲೆ ಕೂರಲು ಜಾಗ ಇರಲ್ಲ, ಅಷ್ಟು ಸೀರೆ. ಎರಡನೇ ಸಾಲದಲ್ಲಿ ಓವರ್‌ಲಾಕ್ ಮಷೀನ್ ಬಂತು, ಫ್ಯಾಕ್ಟರಿ ಬಿಟ್ಟೆ. ಗಂಟೆಗಿಷ್ಟು ಪೀಸ್ ಅಂತ ತಲೆ ಮೇಲೆ ನಿಲ್ಲುವ ಸೂಪರ್‌ವೈಸರ್ ಇಲ್ಲ. ಮಗಳ ಶಾಲೆ ಫೀಸಿಗೆ ಯಾರ ಮುಖವನ್ನೂ ನೋಡಲ್ಲ.

ನನ್ನ ಗ್ರೂಪಿನಲ್ಲೇ ಬೇರೆ ಕಥೆಯೂ ಇದೆ. ಒಬ್ಬ ಅಕ್ಕನ ಹೆಸರಲ್ಲಿ ಬಂದ ಹಣ ಅವರ ಯಜಮಾನರ ಆಟೋ ರಿಪೇರಿಗೆ ಹೋಯಿತು. ಆಟೋ ದುಡಿಮೆ ಅವರಿಗೆ, ಕಂತು ಮಾತ್ರ ಅಕ್ಕನ ತಲೆ ಮೇಲೆ. ಮೂರು ಮನೆ ಪಾತ್ರೆ ತೊಳೆದು ಕಟ್ಟಿದರು. ಒಂದು ತಿಂಗಳು ಜ್ವರ ಬಂದು ತಪ್ಪಿತು. ಕಲೆಕ್ಷನ್‌ಗೆ ಬಂದವರು ಸಂಜೆ ಏಳಾದರೂ ಅವರ ಬಾಗಿಲಲ್ಲಿ ಕೂತಿದ್ದರು. "ನೀವು ನಾಲ್ಕು ಜನ ಹಾಕಿ, ಇಲ್ಲಾಂದ್ರೆ ಯಾರಿಗೂ ಮುಂದಿನ ಸಾಲ ಇಲ್ಲ" ಅಂದರು. ಹಾಕಿದೆವು. ದುಡ್ಡು ಹೋದದ್ದಕ್ಕಿಂತ, ಆ ಅಕ್ಕ ನಮ್ಮ ಎದುರು ತಲೆ ಎತ್ತದೆ ನಿಂತದ್ದು ನನಗೆ ಇವತ್ತಿಗೂ ಸಂಕಟ.

ಕಲೆಕ್ಷನ್‌ನವರು ಹಾಗೆ ಬಾಗಿಲಲ್ಲಿ ಕೂರುವಂತಿಲ್ಲ ಅಂತ ಆಮೇಲೆ ಗೊತ್ತಾಯಿತು. ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ವಸೂಲಿಗೆ ಫೋನ್ ಕೂಡ ಮಾಡುವಂತಿಲ್ಲ. ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತು ಮಾಡಬೇಕು. ಅಲ್ಲಿಗೆ ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಮನೆಯವರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ. 2025ರಲ್ಲಿ ನಮ್ಮ ಸರ್ಕಾರವೂ ಬಲವಂತದ ವಸೂಲಿ ತಡೆಯಲು ಕಾನೂನು ತಂದಿತು, ಹತ್ತು ವರ್ಷದವರೆಗೆ ಜೈಲು ಅಂತಿದೆ. ಇದನ್ನೆಲ್ಲ ಮೀಟಿಂಗ್‌ನಲ್ಲಿ ಯಾರೂ ಹೇಳಲಿಲ್ಲ. ಕಂತಿನ ತಾರೀಕು ಮಾತ್ರ ಪ್ರತಿ ಸಲ ಹೇಳಿದರು.

ಗ್ರೂಪ್ ಆರಿಸುವಾಗ ಸ್ನೇಹ ನೋಡಬೇಡಿ, ಅವರ ಕೈಯಲ್ಲಿ ಸ್ವಂತ ಸಂಪಾದನೆ ಇದೆಯಾ ನೋಡಿ. ಮದುವೆ, ಹಬ್ಬ, ಹಳೇ ಸಾಲ ತೀರಿಸೋದು ಇದಕ್ಕೆಲ್ಲ ಈ ಸಾಲ ಬೇಡವೇ ಬೇಡ. ತಳ್ಳುಗಾಡಿ ವ್ಯಾಪಾರದವರು ಮೊದಲು ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ವಿಚಾರಿಸಿ, ಅದರಲ್ಲಿ ಬಡ್ಡಿಗೆ ಶೇ 7 ಸಬ್ಸಿಡಿ ಇದೆ.

ಸಹಿ ಹಾಕುವ ಮುಂಚೆ ಬಡ್ಡಿ, ಫೀಸು ಬರೆದಿರುವ ಹಾಳೆಯನ್ನು ಕನ್ನಡದಲ್ಲೇ ಕೇಳಿ. ನಮಗೆ ಓದಲು ಬರುವ ಭಾಷೆಯಲ್ಲಿ ಕೊಡಬೇಕು ಅಂತ ನಿಯಮವೇ ಇದೆ. ಎರಡನೇ ಸಲ ನಾನು ಕೇಳಿದೆ. ಮುಂದಿನ ವಾರ ತಂದುಕೊಟ್ಟರು, ಐದೂ ಜನಕ್ಕೆ.