ಕೋಡಿಬಾಗದ ಎಲೆಕ್ಟ್ರಿಷಿಯನ್ ಮತ್ತು ನನ್ನ ಪಲ್ಸರ್ ಎಂಜಿನ್ನಿನ ಬಗ್ಗಿ ಗಾಡಿ

ಈ ಗಾಡಿ ಎಲೆಕ್ಟ್ರಿಷಿಯನ್ ಅಂಗಡಿಗೆ ಬೋರ್ಡ್ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರವಾರದ ಕೋಡಿಬಾಗ ಕಡೆ ಒಂದು ಒಳಗಲ್ಲಿಯಲ್ಲಿ ಶೀಟ್ ಹಾಕಿದ ಕೋಣೆ. ಎದುರಿಗೆ ಎರಡು ರಿಕ್ಷಾ ನಿಂತಿದ್ದು, ಯಾವುದೋ ಬೋಟಿನ ಸ್ಟಾರ್ಟರ್ ಮೋಟಾರ್ ಬಿಚ್ಚಿ ಬಿದ್ದಿದ್ದರೆ ಅದೇ ಅಂಗಡಿ.

ನನ್ನದು ಅಂಕೋಲಾ ಕಡೆ ಸಮುದ್ರಕ್ಕೆ ತಾಗಿದ ತೆಂಗಿನ ತೋಟ. ಎರಡು ವರ್ಷ ಭಾನುವಾರಗಳನ್ನೆಲ್ಲ ತಿಂದು ಒಂದು ಬಗ್ಗಿ, ಅಂದರೆ ಸಣ್ಣ ತೆರೆದ ಗಾಡಿ, ಕಟ್ಟಿದ್ದೇನೆ. ಪೈಪಿನ ಚಾಸಿ, ಮಾರುತಿ 800ರ ಸ್ಟೇರಿಂಗ್, ಹಿಂದೆ ಹಳೇ ಪಲ್ಸರ್ 220ರ ಎಂಜಿನ್. ಬೈಕ್ ಎಂಜಿನ್ ಆದ್ದರಿಂದ ರಿವರ್ಸ್ ಇಲ್ಲ, ಇಳಿದು ತಳ್ಳಬೇಕು. ರಸ್ತೆಗೆ ತರುವ ಹಾಗಿಲ್ಲ. ತೋಟದೊಳಗೆ ತೆಂಗಿನಕಾಯಿ ಸಾಗಿಸೋದಕ್ಕೆ ಅಂತ ಮನೆಯಲ್ಲಿ ಹೇಳಿದ್ದೇನೆ, ಅವರೇನು ನಂಬಿಲ್ಲ.

ಕಾಯಿಲೆ ಏನಪ್ಪಾ ಅಂದರೆ, ಬೆಳಿಗ್ಗೆ ಸೆಲ್ಫ್ ಬಟನ್ ಒಂದು ಸಲ ಒತ್ತಿದರೆ ಸ್ಟಾರ್ಟ್ ಆಗುತ್ತಿತ್ತು. ಹತ್ತು ನಿಮಿಷ ಓಡಿ, ಯಾವುದಾದರೂ ಗುಂಡಿ ಹಾರಿದ ಕೂಡಲೇ ಟಪ್ ಅಂತ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಮೊದಲು ತೋರಿಸಿದ ಮೆಕ್ಯಾನಿಕ್ ಸಿಡಿಐ (ಯಾವಾಗ ಕಿಡಿ ಹಾರಬೇಕು ಅಂತ ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಿಸಿದ. ಹೋಗಲಿಲ್ಲ. ಸ್ಪಾರ್ಕ್ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಬದಲಿಸಿದ. ಈ ಎಂಜಿನ್ನಿಗೆ ಎರಡು ಪ್ಲಗ್, ಹಾಗಾಗಿ ಕಾಯಿಲ್ ಕೂಡ ಎರಡು. ಒಟ್ಟು 5,200 ರೂಪಾಯಿ ಹೋಯಿತು, ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ನಾನೇ ವೋಲ್ಟ್ ಅಳೆಯೋದಕ್ಕೆ 600 ರೂಪಾಯಿಯ ಮಲ್ಟಿಮೀಟರ್ ತಂದೆ. ಸಿಡಿಐ ಸಾಕೆಟ್ ಕಳಚಿ ನೋಡಿದರೆ 12.4 ವೋಲ್ಟ್. ಕರೆಂಟ್ ಸರಿಯಾಗೇ ಬರ್ತಿದೆಯಲ್ಲ ಅಂದುಕೊಂಡು ಸುಮ್ಮನಾದೆ. ನಾನು ದಾರಿ ತಪ್ಪಿದ್ದು ಅಲ್ಲೇ.

ಕೊನೆಗೆ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಕಾರವಾರಕ್ಕೆ ಹೋದೆ. ಇಂಥ ಗಾಡಿ ನೋಡಿದರೆ ಎಷ್ಟೋ ಜನ ಕೈ ಮುಗಿದು ಕಳಿಸುತ್ತಾರೆ. ಈ ಅಂಗಡಿಯವರು ಸುತ್ತ ಒಂದು ಸಲ ನಡೆದರು, ನಕ್ಕರು. ಸ್ಪ್ಯಾನರ್ ಮುಟ್ಟುವ ಮೊದಲು ಎರಡೇ ಪ್ರಶ್ನೆ ಕೇಳಿದರು. ನಿಲ್ಲುವಾಗ ಒಮ್ಮೆಲೇ ನಿಲ್ಲುತ್ತಾ, ಕೆಮ್ಮಿ ಕೆಮ್ಮಿ ನಿಲ್ಲುತ್ತಾ? ಆಗ ಹೆಡ್‌ಲೈಟ್ ಉರೀತಿರುತ್ತಾ? ಒಮ್ಮೆಲೇ, ಲೈಟ್ ಉರೀತಿರುತ್ತೆ ಅಂದೆ. ಕೆಮ್ಮಿದರೆ ಪೆಟ್ರೋಲ್ ಕಡೆ ನೋಡಬೇಕಿತ್ತಂತೆ. ಲೈಟ್ ಇದೆ ಅಂದಮೇಲೆ ಬ್ಯಾಟರಿ, ಕೀ ಎರಡೂ ಸರಿ, ತೊಂದರೆ ಕೀಯಿಂದ ಸಿಡಿಐವರೆಗಿನ ವೈರಿನಲ್ಲೇ ಇರಬೇಕು ಅಂದರು.

ನಾನು ಮೀಟರ್ ಮುಂದೆ ಹಿಡಿದೆ. ಅವರು ಅದನ್ನು ಪಕ್ಕಕ್ಕಿಟ್ಟು ರಿಕ್ಷಾದ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ ತಂದರು, ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ್ದು. ಅದೇ ಸಾಕೆಟ್‌ಗೆ ಸಿಕ್ಕಿಸಿದರೆ ಬಲ್ಬ್ ಕೆಂಡದ ಹಾಗೆ ಕೆಂಪಗೆ, ಮಂಕಾಗಿ ಉರಿಯಿತು. ಉರಿಯುವಾಗ ಮೀಟರ್ ಇಟ್ಟು ನೋಡು ಅಂದರು. 7 ವೋಲ್ಟ್! ತೋಟದ ಪೈಪಿನ ಬಾಯಿ ಬೆರಳಲ್ಲಿ ಮುಚ್ಚಿದರೆ ಒತ್ತಡ ಪೂರ್ತಿ ಇರುತ್ತೆ, ಬೆರಳು ತೆಗೆದು ಕೊಡ ಇಟ್ಟರೆ ಮಾತ್ರ ಒಳಗೆ ಕಸ ಕಟ್ಟಿದ್ದು ಗೊತ್ತಾಗುತ್ತೆ ಅಲ್ವಾ, ಹಾಗೇ ಇದು. ಮೀಟರ್ ಎಳೆಯೋ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ವೈರಿನ ಒಂದು ಎಳೆ ಉಳಿದಿದ್ದರೂ 12 ತೋರಿಸುತ್ತೆ.

ಆಮೇಲೆ ಸಿಡಿಐಯಿಂದ ಹಿಂದೆ ಹಿಂದೆ ಬಂದರು. ಒಂದೊಂದು ಕಡೆ ಬಲ್ಬ್ ಚುಚ್ಚೋದು, ವೈರ್ ಅಲುಗಿಸೋದು. ಕಿಲ್ ಸ್ವಿಚ್ (ಎಂಜಿನ್ ಆಫ್ ಮಾಡುವ ಬಟನ್) ಹತ್ತಿರ ಬಲ್ಬ್ ಬೆಳ್ಳಗೆ ಉರಿಯಿತು. ಅಲ್ಲಿಂದ ಒಂದು ಮೊಳ ಆಚೆ ಮತ್ತೆ ಮಂಕು. ನಡುವೆ ಇದ್ದದ್ದು ನಾನೇ ಹಾಕಿದ ಜಾಯಿಂಟ್. ಬೈಕಿನಲ್ಲಿ ಹ್ಯಾಂಡಲ್‌ನಿಂದ ಎಂಜಿನ್ ಹತ್ತಿರ, ಬಗ್ಗಿಯಲ್ಲಿ ಡ್ಯಾಶಿನಿಂದ ಹಿಂದಿನ ಎಂಜಿನ್‌ಗೆ ದೂರ. ಹಾಗಾಗಿ ವೈರ್ ತಿರುಚಿ, ಟೇಪ್ ಸುತ್ತಿ ಉದ್ದ ಮಾಡಿದ್ದೆ. ಟೇಪ್ ಬಿಚ್ಚಿದರೆ ಹಲಸಿನ ಮೇಣದ ಹಾಗೆ ಅಂಟಂಟು, ಒಳಗೆ ತಾಮ್ರಕ್ಕೆ ಕಿಲುಬು. ಬಗ್ಗಿಸಿದರೆ ಹಸಿರು ಪುಡಿ ಉದುರಿತು, ಉಳಿದಿದ್ದು ಮೂರೋ ನಾಲ್ಕೋ ಎಳೆ. ಕಡಲ ಗಾಳಿಯ ಉಪ್ಪು ಪ್ಲಾಸ್ಟಿಕ್ ಒಳಗೂ ಹತ್ತಿಕೊಂಡು ಹೋಗಿತ್ತು. ಹೊಳೆಯುವ ತಾಮ್ರ ಸಿಗೋದಕ್ಕೆ ಒಂದು ಗೇಣು ಕತ್ತರಿಸಬೇಕಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಆಕ್ಸಿಲರೇಟರ್ ಕೇಬಲ್ ಹಿಡಿದುಕೋ ಅಂತ ನನಗೆ ಹೇಳಿ, ಸೆಲ್ಫ್ ಒತ್ತಿದರು. ಎರಡನೇ ಸಲಕ್ಕೆ ಕೇಬಲ್ ಬೆಚ್ಚಗಾಯಿತು! ಎಂಜಿನ್ನನ್ನು ನಾನು ರಬ್ಬರ್ ಬುಷ್ ಮೇಲೆ ಕೂರಿಸಿದ್ದೆ. ಅರ್ತ್ ವೈರಿನ ಬೋಲ್ಟನ್ನು ಪೇಂಟ್ ಮೇಲೇ ಬಿಗಿದಿದ್ದೆ. ಪಾಪ, ಸ್ಟಾರ್ಟರ್‌ನ ಕರೆಂಟ್ ರಬ್ಬರ್, ಪೇಂಟ್ ದಾಟಿ ಬ್ಯಾಟರಿಗೆ ವಾಪಸ್ ಹೋಗೋದಕ್ಕೆ ದಾರಿ ಇಲ್ಲದೆ ಆಕ್ಸಿಲರೇಟರ್ ಕೇಬಲ್ ಹಿಡಿದಿತ್ತು. ಪೇಂಟ್ ಕೆರೆದು, ಎಂಜಿನ್‌ನಿಂದ ಬ್ಯಾಟರಿಗೆ ದಪ್ಪ ವೈರ್ ನೇರವಾಗಿ ಎಳೆದು, ಗ್ರೀಸ್ ಮೆತ್ತಿದರು. ಇದೊಂದಕ್ಕೇ ಇವರಿಗೆ ಪೂರ್ತಿ ಮಾರ್ಕ್ಸ್ ಕೊಡಬಹುದು. ನಾನು ಕೇಳದೇ ಇದ್ದ ತೊಂದರೆ ಇದು.

ಇನ್ನು ದೂರುಗಳು. ಫೋನ್ ಎತ್ತೋದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿರುತ್ತೆ, ಮೀನು ಸಾರು ಊಟ ಮತ್ತು ನಿದ್ದೆ. ಅರ್ಧ ದಿನದ ಕೆಲಸ ಒಂದೂವರೆ ದಿನ ಆಯಿತು, ಟಾಟಾ ಏಸ್‌ನವನಿಗೆ ಎರಡು ಸಲ ಬಾಡಿಗೆ. ಬಿಲ್ ಕೊಡೋದಿಲ್ಲ. ನನ್ನ ಜಾಯಿಂಟನ್ನು ಅಲ್ಲಿದ್ದ ರಿಕ್ಷಾದವರಿಗೆಲ್ಲ ತೋರಿಸಿ ಕೊಂಕಣಿಯಲ್ಲಿ ಏನೋ ಹೇಳಿ ನಗಿಸಿದರು. ಅರ್ಧ ಅರ್ಥ ಆಯಿತು, ಅಷ್ಟೇ ಸಾಕಾಗಿತ್ತು. ಅಲುಗುವ ಗಾಡಿಯ ವೈರಿಗೆ ಬೆಸುಗೆ (ಸೋಲ್ಡರ್) ಹಾಕಬಾರದು, ಬೆಸುಗೆ ಮುಗಿಯುವಲ್ಲಿ ವೈರ್ ಗಡುಸಾಗಿ ಮುರಿಯುತ್ತೆ, ಕ್ರಿಂಪ್ ಮಾಡಿ (ಲೋಹದ ತುಂಡಿನೊಳಗೆ ಒತ್ತಿ ಬಿಗಿದು) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಏರಿಸಬೇಕು ಅನ್ನೋದು ಅವರ ಹಟ. ವೈರನ್ನು ಎರಡೂ ಕಡೆ ಗಟ್ಟಿಯಾಗಿ ಕಟ್ಟಿದರೆ ಬೆಸುಗೆಯೂ ಬಾಳುತ್ತೆ ಅಂತ ನನ್ನ ಲೆಕ್ಕ. ವಾದ ಮಾಡಲಿಲ್ಲ.

ವೈರ್, ಮಜೂರಿ ಎಲ್ಲ ಸೇರಿ 1,350 ರೂಪಾಯಿ. ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಒಂದು ಸಲವೂ ನಡುವೆ ನಿಂತಿಲ್ಲ.

ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ. ಬೇರೆ ಬೇರೆ ಬಣ್ಣದ ವೈರ್ ನೀವೇ ತೆಗೆದುಕೊಂಡು ಹೋಗಿ, ಅಂಗಡಿಯಲ್ಲಿ ಇರೋದು ಕೆಂಪು ಒಂದೇ. ಈಗ ನನ್ನ ಗಾಡಿಯಲ್ಲಿ ಹೊಸದಾಗಿ ಎಳೆದ ವೈರೆಲ್ಲ ಕೆಂಪು, ಅರ್ತ್ ಕೂಡ. ಗುರುತಿಗೆ ಅಂಟಿಸಿದ ಚೀಟಿಗಳು ಜುಲೈ ಮಳೆಗೇ ಉದುರಿ ಹೋದವು.