ಸರ್ಕಾರಿ ಶಾಲೆಯ ದ್ವಿಭಾಷಾ ತರಗತಿ: ಪಾಠ ಚೆನ್ನಾಗಿದೆ, ಬಾಗಿಲು ಇಕ್ಕಟ್ಟು

ಮಗುವಿಗೆ ಇಂಗ್ಲಿಷ್ ಬೇಕು, ಆದರೆ ಕಾನ್ವೆಂಟ್ ಫೀಸು ಕಟ್ಟೋಕೆ ಆಗಲ್ಲ ಅನ್ನುವ ದಾವಣಗೆರೆಯ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಇಲ್ಲಿನ ಒಂದು ಸರ್ಕಾರಿ ಶಾಲೆಯ ದ್ವಿಭಾಷಾ ವಿಭಾಗದಲ್ಲಿ ಎರಡನೇ ತರಗತಿ ಓದುತ್ತಿದ್ದಾಳೆ. 2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತಲ್ವಾ, ಅದೇ ಯೋಜನೆ ಆಮೇಲೆ ಬೇರೆ ಶಾಲೆಗಳಿಗೂ ಬಂತು. ಶಾಲೆಯ ಹೆಸರು ಹಾಕುತ್ತಿಲ್ಲ. ಮುಂದೆ ಹೇಳುವ ದೂರು ಒಂದೇ ಶಾಲೆಗೆ ಸೇರಿದ್ದಲ್ಲ.

ಮೊದಲು ಪಾಠದ ವಿಷಯ. ಪಾಠ ನಿಜವಾಗಿಯೂ ಚೆನ್ನಾಗಿದೆ. ಗಣಿತದ ಪುಸ್ತಕದಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಟೀಚರ್ ಸುಮ್ನೆ ಓದಿಸಿ ಕೈಬಿಡುವುದಿಲ್ಲ. ಒಂದು ದಿನ ಕಳೆಯುವ ಲೆಕ್ಕ ಮಾಡಿಸುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ನೆಲದ ಮೇಲೆ ಹುಣಸೆಬೀಜ ಹರಡಿದ್ದರು. ಬುಟ್ಟಿಯಲ್ಲಿ 14 ಮಾವಿನಹಣ್ಣು ಇತ್ತು, 6 ಹಣ್ಣು ಅಜ್ಜಿಗೆ ಕೊಟ್ಟೆವು ಅಂತ ಕನ್ನಡದಲ್ಲಿ ಕಥೆ ಮಾಡಿ ಹೇಳಿದರು. ಮಕ್ಕಳು ಬೀಜ ಸರಿಸಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿದರು. ನನ್ನ ಮಗಳ ಪಕ್ಕ ಕೂತಿದ್ದ ಹುಡುಗಿ ಮಂಡಕ್ಕಿ ಭಟ್ಟಿ ಕಡೆಯವಳು, ಮನೆಯಲ್ಲಿ ಉರ್ದು. ಅವಳು ಒಂದೊಂದೇ ಬೀಜ ಸರಿಸುತ್ತಾ ತುಟಿಯಲ್ಲೇ ಏಕ್, ದೋ, ತೀನ್ ಅಂತ ಎಣಿಸಿಕೊಂಡು, ಕೊನೆಗೆ ಜೋರಾಗಿ 'ಏಯ್ಟ್' ಅಂದಳು. ಟೀಚರ್ ತಡೆಯಲಿಲ್ಲ, ತಿದ್ದಲಿಲ್ಲ, ತಲೆ ನೇವರಿಸಿ ಮುಂದೆ ಹೋದರು. ಇಂಥ ಟೀಚರ್ ಸಿಕ್ಕರೆ ಮಕ್ಕಳ ಪುಣ್ಯ.

ಪುಸ್ತಕ, ಯೂನಿಫಾರ್ಮ್, ಬಿಸಿಯೂಟಕ್ಕೆ ದುಡ್ಡು ಕೊಡಬೇಕಿಲ್ಲ. ಶೌಚಾಲಯ ಪರವಾಗಿಲ್ಲ. ಆಟದ ಜಾಗ ಕಡಿಮೆ.

ಈಗ ದೂರು. ನಾನು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಶಾಲೆಯ ಅರ್ಜಿ ತುಂಬಿಸಿಕೊಳ್ಳಲು ಸುತ್ತಲಿನವರು ನನ್ನ ಹತ್ತಿರವೇ ಬರುತ್ತಾರೆ. ಅರ್ಜಿಯಲ್ಲಿ ಮಾತೃಭಾಷೆ ಅನ್ನುವ ಕಾಲಂ ಇರುತ್ತದೆ. ಉರ್ದು, ಲಂಬಾಣಿ, ತೆಲುಗು, ಮರಾಠಿ, ಹೇಳಿದ್ದನ್ನು ಬರೆಯುತ್ತೇನೆ. ಆ ಕಾಲಂ ನೋಡಿ ಶಾಲೆಯವರು ಮಗುವಿಗೋಸ್ಕರ ಏನಾದರೂ ಬೇರೆ ಮಾಡಿದ್ದನ್ನು ನಾನಂತೂ ಕಂಡಿಲ್ಲ. ನನ್ನ ಮಗಳಿಗೆ ಕನ್ನಡ ಹಿಡಿದು ಇಂಗ್ಲಿಷಿಗೆ ಹೋಗುವ ದಾರಿ ಇದೆ. ಮನೆಯಲ್ಲಿ ಉರ್ದು ಆಡುವ ಆ ಹುಡುಗಿಗೆ ಎರಡೂ ಹೊಸದು.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದೆ. ಅವಳ ಮಗ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಸ್ಪ್ಯಾನಿಷ್ ಇಮ್ಮರ್ಶನ್ ತರಗತಿಗೆ ಹೋಗುತ್ತಾನೆ. ಶುರುವಿನಲ್ಲಿ ನೂರಕ್ಕೆ 90 ಭಾಗ ಪಾಠ ಸ್ಪ್ಯಾನಿಷ್‌ನಲ್ಲಿ, ವರ್ಷ ಕಳೆದ ಹಾಗೆ ಇಂಗ್ಲಿಷ್ ಜಾಸ್ತಿ. ಕ್ಲಾಸಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಸ್ಪ್ಯಾನಿಷ್ ಮನೆಯವರು. ಇಂಗ್ಲಿಷ್ ಬಾರದ ಮಕ್ಕಳೇ ಅಲ್ಲಿ ಸ್ಪ್ಯಾನಿಷ್ ಪಾಠದ ಹೊತ್ತಿನಲ್ಲಿ ಉಳಿದವರಿಗೆ ಹೇಳಿಕೊಡುತ್ತಾರಂತೆ. 1963ರಲ್ಲೇ ಅಮೆರಿಕದ ಮಯಾಮಿ ನಗರದ ಕೋರಲ್ ವೇ ಶಾಲೆಯಲ್ಲಿ ಕ್ಯೂಬಾದಿಂದ ಬಂದ ಮಕ್ಕಳನ್ನೂ ಅಲ್ಲಿಯ ಮಕ್ಕಳನ್ನೂ ಸೇರಿಸಿ ಹೀಗೇ ಎರಡು ಭಾಷೆಯಲ್ಲಿ ಕಲಿಸಿದ್ದರು. ಕ್ಯಾಲಿಫೋರ್ನಿಯಾದಲ್ಲೂ ಶಾಲೆಗೆ ಸೇರಿಸುವಾಗ ಮನೆಮಾತು ಕೇಳುತ್ತಾರೆ. ಇಂಗ್ಲಿಷ್ ಬಿಟ್ಟು ಬೇರೆ ಬರೆದರೆ ಮಗುವಿನ ಇಂಗ್ಲಿಷ್ ಪರೀಕ್ಷಿಸಿ, ಬೇಕಾದ ಸಹಾಯ ಕೊಡಲೇಬೇಕು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಿನಲ್ಲಿ, ಅರ್ಥವಾಗದ ಮಗುವಿಗೆ ಎಲ್ಲರಂತೆ ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನವಾಗಿ ನೋಡಿದಂತಲ್ಲ ಎಂದಿತ್ತು.

ಅಲ್ಲೂ ಎಲ್ಲ ಸರಿಯಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಜನ ಓಟು ಹಾಕಿ ಎರಡು ಭಾಷೆಯ ಪಾಠವನ್ನು ಬಹುಪಾಲು ನಿಲ್ಲಿಸಿಬಿಟ್ಟಿದ್ದರು. 2016ರಲ್ಲಿ ಮತ್ತೆ ಓಟು ಹಾಕಿಯೇ ವಾಪಸ್ ತಂದರು. ಇವತ್ತಿಗೂ ತನ್ನ ಮಗನ ಕ್ಲಾಸಿನ ಸುದ್ದಿ ಮೊದಲು ಮುಟ್ಟುವುದು ಇಂಟರ್‌ನೆಟ್, ಕಾರು, ಬಿಡುವು ಇರುವ ತನ್ನಂಥವರಿಗೇ ಅಂತ ತಂಗಿ ಹೇಳಿದಳು. ಹೊಲ, ಹೋಟೆಲ್ಲುಗಳಲ್ಲಿ ದುಡಿಯುವ ಸ್ಪ್ಯಾನಿಷ್ ತಾಯಂದಿರಿಗೆ ಗೊತ್ತಾಗುವಷ್ಟರಲ್ಲಿ ಸೀಟು ಮುಗಿದಿರುತ್ತದೆ.

ಇಲ್ಲಿಯೂ ನಾನು ನೋಡಿದ್ದು ಅದೇ. ದಾಖಲಾತಿಯ ನೋಟಿಸು ಕನ್ನಡದಲ್ಲಿ, ಶಾಲೆಯ ಗೇಟಿನ ಒಳಗೆ ಅಂಟಿಸಿತ್ತು. ಪೋಷಕರ ಸಭೆ ಬೆಳಗ್ಗೆ ಹನ್ನೊಂದಕ್ಕೆ, ಭಟ್ಟಿಯಲ್ಲಿ ಹೆಂಗಸರಿಗೆ ಕೈತುಂಬ ಕೆಲಸ ಇರುವ ಹೊತ್ತು. ಸಭೆಯಲ್ಲಿ ಮಾತೆಲ್ಲ ಇಂಗ್ಲಿಷ್ ಬೆರೆಸಿದ ಕನ್ನಡ. ಅಷ್ಟೆಲ್ಲ ಇದ್ದೂ ಬಂದಿದ್ದ ಆ ಹುಡುಗಿಯ ತಾಯಿ ಹಿಂದಿನ ಸಾಲಿನಲ್ಲಿ ಕೂತು, ರಿಜಿಸ್ಟರಿಗೆ ಸಹಿ ಹಾಕಿ, ಒಂದು ಮಾತೂ ಆಡದೆ ಹೋದರು. ನನಗೆ ಬಹಳ ಬೇಸರವಾಯಿತು. ಉರ್ದು ಬಲ್ಲ ಒಬ್ಬ ಟೀಚರ್ ಪಕ್ಕದಲ್ಲಿ ಕೂತು ಹೇಳಿದ್ದರೂ ಸಾಕಿತ್ತು. ಉರ್ದು ಶಾಲೆಗಳಿರುವ ಊರು ನಮ್ಮದು, ಅಂಥವರು ಸಿಗದೆ ಇರಲ್ಲ. ಶಾಲೆಯ ಉಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಇದನ್ನು ಬರೆದು ಕೊಟ್ಟಿದ್ದೇನೆ. ಸಭೆಯನ್ನು ಸಂಜೆಗೆ ಇಡಿ ಅಂತಲೂ ಕೇಳಿದ್ದೇನೆ.

ಸೇರಿಸಬಹುದಾ ಅಂದರೆ, ಧೈರ್ಯವಾಗಿ ಸೇರಿಸಿ. ಮನೆಯಲ್ಲಿ ಕನ್ನಡ ಇಲ್ಲದವರು ಮೊದಲ ದಿನವೇ ಅದನ್ನು ಕ್ಲಾಸ್ ಟೀಚರ್‌ಗೆ ಬಾಯಿಬಿಟ್ಟು ಹೇಳಿ, ಕಾಲಂ ನಂಬಿ ಸುಮ್ಮನಿರಬೇಡಿ. ಬೇಸಿಗೆ ರಜೆ ಮುಗಿಯುವ ತನಕ ಕಾಯಬೇಡಿ, ಏಪ್ರಿಲ್‌ನಲ್ಲೇ ಶಾಲೆಗೆ ಹೋಗಿ ವಿಚಾರಿಸಿ. ಜನನ ಪ್ರಮಾಣಪತ್ರ ಮತ್ತು ಆಧಾರ್ ಜೆರಾಕ್ಸ್ ಜೊತೆಗಿರಲಿ. ಭಟ್ಟಿಯಲ್ಲಿ ದುಡಿಯುವವರು ನಿಮಗೆ ಗೊತ್ತಿದ್ದರೆ ಅವರಿಗೂ ತಿಳಿಸಿ. ಅರ್ಜಿ ತುಂಬಲು ಅವರ ಹತ್ತಿರ ನಾನು ದುಡ್ಡು ತಗೊಳ್ಳಲ್ಲ.